ಪಿಕ್‌ನಿಕ್ಕಿಗೆ ಸ್ಯಾಂಡ್‌ವಿಚ್ ಕಡಿಮೆಯಾದರೆ ಬುದ್ಧಿ ಯಾಕೆ ಕಡಿಮೆಯಾಗಬೇಕು? ಪೆದ್ದುತನದ ಇಂಗ್ಲಿಷ್ ನುಡಿಗಟ್ಟುಗಳ ಬಗ್ಗೆ ಒಂದು ಪ್ರಶ್ನೆ

ಪ್ರಶ್ನೆ: ಮಂಡ್ಯದ ಇಂಗ್ಲಿಷ್ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯ ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ 14 ವರ್ಷಗಳಿಂದ ಇಂಗ್ಲಿಷ್ ಕಲಿಸುತ್ತಿದ್ದೇನೆ. ಒಂಬತ್ತನೆಯ ತರಗತಿಯ ಮಕ್ಕಳಿಗೆ ವಾರಕ್ಕೊಂದು ಪೀರಿಯಡ್ ಪಠ್ಯದ ಹೊರಗಿನ ನುಡಿಗಟ್ಟುಗಳನ್ನು ಹೇಳಿಕೊಡುವ ಅಭ್ಯಾಸ ಇಟ್ಟುಕೊಂಡಿದ್ದೇನೆ. ಈ ತಿಂಗಳು ಪೆದ್ದುತನವನ್ನೂ ಅವಿವೇಕವನ್ನೂ ತಮಾಷೆಯಾಗಿ ಹೇಳುವ ನುಡಿಗಟ್ಟುಗಳನ್ನು ಆರಿಸಿಕೊಂಡೆ, ಏಕೆಂದರೆ ಆ ವಯಸ್ಸಿನ ಮಕ್ಕಳು ಒಬ್ಬರನ್ನೊಬ್ಬರು ರೇಗಿಸುವ ಮಾತನ್ನು ಕಲಿಯುವಷ್ಟು ಬೇಗ ಬೇರೆ ಯಾವ ಮಾತನ್ನೂ ಕಲಿಯುವುದಿಲ್ಲ.

ಮೊದಲ ದಿನ ‘ಎ ಫ್ಯೂ ಸ್ಯಾಂಡ್‌ವಿಚಸ್ ಶಾರ್ಟ್ ಆಫ್ ಎ ಪಿಕ್‌ನಿಕ್’ ಎಂದು ಬೋರ್ಡಿನ ಮೇಲೆ ಬರೆದು, ಬುದ್ಧಿ ಪೂರ್ತಿ ಇಲ್ಲದವನನ್ನು ಕುರಿತು ಹೀಗೆ ಹೇಳುತ್ತಾರೆ ಎಂದು ವಿವರಿಸಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, “ಸ್ಯಾಂಡ್‌ವಿಚ್ ಕಡಿಮೆಯಾದರೆ ಊಟ ಕಡಿಮೆಯಾಗುತ್ತದೆ ಸರ್, ಬುದ್ಧಿ ಯಾಕೆ ಕಡಿಮೆಯಾಗುತ್ತದೆ?” ಎಂದು ಕೇಳಿದಳು. ಅವಳು ರೇಗಿಸಲು ಕೇಳಿದ್ದಲ್ಲ, ನಿಜವಾಗಿಯೂ ಅವಳಿಗೆ ಅರ್ಥವಾಗಿರಲಿಲ್ಲ. ಅವಳಿಗೆ ಒಪ್ಪಿಗೆಯಾಗುವ ಉತ್ತರ ನನ್ನಲ್ಲಿಯೂ ಇರಲಿಲ್ಲ. ‘ಬ್ಯಾಟ್ಸ್ ಇನ್ ದ ಬೆಲ್‌ಫ್ರಿ’, ‘ಮ್ಯಾಡ್ ಆಸ್ ಎ ಹ್ಯಾಟರ್’, ‘ಕ್ಯಾರೀಯಿಂಗ್ ಕೋಲ್ಸ್ ಟು ನ್ಯೂಕ್ಯಾಸಲ್’ ಎಂಬವುಗಳಿಗೂ ಇದೇ ಗತಿಯಾಯಿತು. ನನ್ನ ಬಳಿ ಇರುವ ಒಂದು ಗೈಡಿನಲ್ಲಿ ‘ಗಂಟೆಗೋಪುರದಲ್ಲಿ ಬಾವಲಿಗಳನ್ನು ಹೊಂದಿರುವುದು’ ಎಂದು ಪದಕ್ಕೆ ಪದ ಇಟ್ಟು, ಎದುರಿಗೆ ‘ಹುಚ್ಚನಾಗಿರುವುದು’ ಎಂದು ಅಚ್ಚು ಹಾಕಿದ್ದಾರೆ. ಎರಡರ ನಡುವಿನ ದಾರಿ ಯಾವುದು ಎಂಬುದನ್ನು ಮಾತ್ರ ಹೇಳಿಲ್ಲ.

ಮಕ್ಕಳು ಇವನ್ನು ಉರು ಹೊಡೆದು ಪರೀಕ್ಷೆಯಲ್ಲಿ ಬರೆಯಬಲ್ಲರು. ಆದರೆ ನಗೆಯ ಮಾತನ್ನು ನಗದೆ ಕಲಿತರೆ ಅದು ಕಲಿತಂತಾಗುವುದಿಲ್ಲ ಎಂಬುದು ನನ್ನ ನಂಬಿಕೆ. ಇಂಥ ನುಡಿಗಟ್ಟುಗಳನ್ನು ನಮ್ಮ ಕಡೆಯ ಮಕ್ಕಳಿಗೆ ಹೇಗೆ ಮುಟ್ಟಿಸಬೇಕು? ಇವುಗಳಿಗೆ ಸರಿಸಾಟಿಯಾದ ನಮ್ಮ ಮಾತುಗಳು ಯಾವುವು? ಅನುಭವವಿದ್ದವರು ದಯವಿಟ್ಟು ತಿಳಿಸಿಕೊಡಬೇಕು.

ಉತ್ತರ 1: ಸರಸ್ವತಿಪುರಂನ ಅನುವಾದಕಿ, ಮೈಸೂರು

ಮೇಷ್ಟ್ರೇ, ಆ ಹುಡುಗಿಯ ಪ್ರಶ್ನೆ ಬಹಳ ಒಳ್ಳೆಯ ಪ್ರಶ್ನೆ. ಸ್ಯಾಂಡ್‌ವಿಚ್ಚಿಗೂ ಬುದ್ಧಿಗೂ ಯಾವ ಸಂಬಂಧವೂ ಇಲ್ಲ, ಸಂಬಂಧವಿರುವುದು ‘ಕಡಿಮೆ’ ಎಂಬ ಪದಕ್ಕೆ ಮಾತ್ರ. ಇಂಗ್ಲಿಷಿನಲ್ಲಿ ಒಂದು ಅಚ್ಚು ಇದೆ: ಪೂರ್ತಿಯಾಗಿ ಇರಬೇಕಾದ ಒಂದು ವಸ್ತುವನ್ನು ಹೆಸರಿಸುವುದು, ಅದರಲ್ಲಿ ಒಂದಿಷ್ಟು ಕೊರತೆ ಬಿದ್ದಿದೆ ಎನ್ನುವುದು, ತಲೆಯ ಮಾತನ್ನೇ ಎತ್ತದೆ ಕೇಳುವವನು ತಲೆಯನ್ನೇ ನೆನೆಯುವಂತೆ ಮಾಡುವುದು. 19ನೆಯ ಶತಮಾನದ ಆಸ್ಟ್ರೇಲಿಯಾದಲ್ಲಿ ‘ಎ ಶಿಂಗಲ್ ಶಾರ್ಟ್’ ಎನ್ನುತ್ತಿದ್ದರು. ಶಿಂಗಲ್ ಎಂದರೆ ಸೂರಿಗೆ ಹೊದಿಸುವ ಮರದ ಬಿಲ್ಲೆ, ನಮ್ಮ ಹೆಂಚು ಇದ್ದ ಹಾಗೆ. ಒಂದು ಹೆಂಚು ಕಳಚಿಹೋದ ಮನೆಯನ್ನು ಮಳೆಗಾಲದಲ್ಲಿ ನೋಡಿರುವ ಮಗುವಿಗೆ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ. ಆ ಅಚ್ಚಿನಲ್ಲಿ ಮುಂದೆ ಇಟ್ಟಿಗೆ ಬಂತು, ಸ್ಯಾಂಡ್‌ವಿಚ್ ಬಂತು, ಇವತ್ತಿಗೂ ಯಾರು ಬೇಕಾದರೂ ಹೊಸದೊಂದನ್ನು ಅದಕ್ಕೆ ಹೊಯ್ಯಬಹುದು. ಅದರ ತಮಾಷೆಯಲ್ಲಿ ಅರ್ಧ ಪಾಲು ಈ ಹೊಸತನದ್ದೇ.

ತರಗತಿಯಲ್ಲಿ ‘ಟಪೆನ್ಸ್ ಶಾರ್ಟ್ ಆಫ್ ಎ ಶಿಲಿಂಗ್’ ಎಂಬುದರಿಂದ ಆರಂಭಿಸಿ ಎಂದು ನನ್ನ ಸಲಹೆ. 1971ರವರೆಗೆ ಒಂದು ಶಿಲಿಂಗಿಗೆ 12 ಪೆನ್ಸ್ ಇದ್ದವು, ಅಂದರೆ ಈ ಮಾತಿನ ಮನುಷ್ಯನಲ್ಲಿ ಇರುವುದು ಹತ್ತೇ ಪೆನ್ಸ್. ನಮ್ಮಲ್ಲಿ 1957ರವರೆಗೆ ರೂಪಾಯಿಗೆ 16 ಆಣೆ ಇತ್ತು. ಆಣೆ ಚಲಾವಣೆಯಿಂದ ಹೋಗಿ ಎರಡು ತಲೆಮಾರು ಕಳೆದಿದ್ದರೂ ‘ಹದಿನಾರಾಣೆ ಸತ್ಯ’ ಎಂಬ ಮಾತು ಮಾತ್ರ ಹೋಗಿಲ್ಲ. ಪೂರ್ತಿ ಎಂಬುದಕ್ಕೆ ಹದಿನಾರಾಣೆ ಎನ್ನುವ ಮಕ್ಕಳಿಗೆ ‘ರೂಪಾಯಿಗೆ ನಾಲ್ಕಾಣೆ ಕಡಿಮೆ’ ಎಂದರೆ ತಟ್ಟನೆ ಹೊಳೆಯುತ್ತದೆ. ಆಮೇಲೆ ಅವರಿಂದಲೇ ಹೊಸದನ್ನು ಕಟ್ಟಿಸಿ. ‘ಬಾಡೂಟಕ್ಕೆ ಎರಡು ಮುದ್ದೆ ಕಡಿಮೆ’ ಎಂದು ಮಂಡ್ಯದ ಹುಡುಗನೊಬ್ಬ ಹೇಳಿದರೆ ಅವನು ಇಂಗ್ಲಿಷ್ ನುಡಿಗಟ್ಟಿನ ಒಳಗುಟ್ಟನ್ನು ಹಿಡಿದ ಹಾಗೆಯೇ ಸರಿ.

ಬಾವಲಿಯ ಮಾತು ಅಮೆರಿಕದ್ದು, ಸುಮಾರು 1900ರ ಹೊತ್ತಿನದು. ಕಟ್ಟಡದ ನೆತ್ತಿಯಲ್ಲಿರುವ ಗಂಟೆಯ ಕೋಣೆಯೇ ಮನುಷ್ಯನ ತಲೆ, ಅಲ್ಲಿ ಕತ್ತಲಲ್ಲಿ ಎತ್ತೆಂದರತ್ತ ಹಾರಾಡುವ ಬಾವಲಿಗಳೇ ಅವನ ಯೋಚನೆಗಳು. ನಮ್ಮ ಸೇಂಟ್ ಫಿಲೋಮಿನಾ ಚರ್ಚಿನ ಸುಮಾರು 175 ಅಡಿ ಎತ್ತರದ ಜೋಡಿ ಗೋಪುರಗಳ ಒಂದು ಚಿತ್ರವನ್ನು ಮಕ್ಕಳಿಗೆ ತೋರಿಸಿ, ಇದು ನಿಂತ ಮನುಷ್ಯನಾಗಿದ್ದರೆ ತಲೆ ಎಲ್ಲಿರುತ್ತಿತ್ತು ಎಂದು ಕೇಳಿ, ಅಷ್ಟು ಸಾಕು. ‘ತಲೆಯಲ್ಲಿ ಹುಳ’ ಎಂದು ಅನುವಾದಿಸುವವರಿದ್ದಾರೆ, ನನಗೆ ಅದು ಒಪ್ಪಿಗೆಯಿಲ್ಲ. ತಲೆಗೆ ಹುಳ ಬಿಡುವುದು ಎಂದರೆ ಒಬ್ಬನನ್ನು ಚಿಂತೆಗೆ ಹಚ್ಚುವುದು, ಆ ಹುಳ ಒಂದೇ ಕಡೆ ಕೊರೆಯುತ್ತದೆ. ಬಾವಲಿ ಕೊರೆಯುವುದಿಲ್ಲ, ದಿಕ್ಕುತಪ್ಪಿ ಹಾರುತ್ತದೆ.

ಇಷ್ಟು ವರ್ಷ ಅನುವಾದ ಮಾಡುತ್ತಾ ನಾನು ಕಂಡುಕೊಂಡ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಇಂಗ್ಲಿಷಿನ ಈ ಬಗೆಯ ಮಾತುಗಳಲ್ಲಿ ಬಹುಪಾಲು ಮನುಷ್ಯನ ತಲೆಯನ್ನೇ ತೂಕಕ್ಕಿಡುತ್ತವೆ. ನಮ್ಮಲ್ಲಿಯೂ ತಿಕ್ಕಲು, ಐಲುಪೈಲು, ಸ್ಕ್ರೂ ಲೂಸು ಎಂಬವು ಇಲ್ಲದಿಲ್ಲ, ಆದರೆ ಕನ್ನಡದ ನಿಜವಾದ ಬಲ ಇರುವುದು ‘ಅಂತೆ’ ಎಂದು ಮುಗಿಯುವ ಪುಟ್ಟ ಕತೆಗಳಲ್ಲಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡರಂತೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಯಾರು ಮಾಡಿದರು, ಅವರ ತಲೆ ಹೇಗಿತ್ತು ಎಂಬುದು ಇಲ್ಲಿ ಇಲ್ಲವೇ ಇಲ್ಲ, ಮಾಡಿದ ಕೆಲಸ ಒಂದೇ ಕಣ್ಣ ಮುಂದೆ ನಿಲ್ಲುತ್ತದೆ. ಹೀಗಾಗಿ ಇಂಗ್ಲಿಷಿನಲ್ಲಿ ಕೆಲಸವನ್ನು ಕುರಿತು ಹೇಳುವ ನುಡಿಗಟ್ಟುಗಳಿಗೆ ಕನ್ನಡ ಸುಲಭವಾಗಿ ಜೊತೆ ಕೊಡುತ್ತದೆ. ಕುದುರೆ ಓಡಿಹೋದ ಮೇಲೆ ಲಾಯದ ಬಾಗಿಲು ಹಾಕುವುದು ಎಂದು ಅವರು ಹೇಳಿದರೆ, ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂದು ನಾವು ಹೇಳುತ್ತೇವೆ. ಶ್ರೀರಂಗಪಟ್ಟಣದ ಕೋಟೆಯನ್ನು ನೋಡಿ ಬೆಳೆದ ನಿಮ್ಮ ಮಕ್ಕಳಿಗೆ ದಿಡ್ಡಿ ಬಾಗಿಲು ಎಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಸ್ನಾನದ ಕೊಳೆನೀರಿನ ಜೊತೆಗೆ ಮಗುವನ್ನೂ ಚೆಲ್ಲುವುದು ಎಂಬ ಮಾತಿಗೆ ನೆಗಡಿ ಮತ್ತು ಮೂಗು ಚೆನ್ನಾಗಿ ಒಪ್ಪುತ್ತವೆ. ಈ ಮಾತು ಜರ್ಮನ್ ಭಾಷೆಯಿಂದ ಬಂದದ್ದು, 1512ರಲ್ಲಿ ಅಚ್ಚಾದ ಪುಸ್ತಕವೊಂದರಲ್ಲಿ ಚಿತ್ರದ ಸಮೇತ ಇದೆ. ಮನೆಮಂದಿಯೆಲ್ಲ ಒಂದೇ ನೀರಿನಲ್ಲಿ ಮೀಯುತ್ತಿದ್ದುದರಿಂದ ಕೊನೆಗೆ ಮಗು ಕಾಣುತ್ತಿರಲಿಲ್ಲ ಎಂದು ಅಂತರ್ಜಾಲದಲ್ಲಿ ಓಡಾಡುವ ಕತೆ ಸುಳ್ಳು, ಅದನ್ನು ತರಗತಿಯಲ್ಲಿ ಹೇಳಬೇಡಿ.

ನ್ಯೂಕ್ಯಾಸಲ್ಲಿಗೆ ಕಲ್ಲಿದ್ದಲು ಹೊರುವುದಕ್ಕೆ ‘ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ’ ಎಂಬುದನ್ನು ಬಳಸಬಹುದು.

ಉತ್ತರ 2: ಮದ್ದೂರು ಕಡೆಯ ರೈತ

ಮೇಡಂ ಅವರ ಮಾತನ್ನು ಒಂದೊಂದಾಗಿ ಓದಿ ಸಂತೋಷಪಟ್ಟೆ. ಆದರೆ ಕೊನೆಯ ಒಂದು ಸಾಲನ್ನು ಒಪ್ಪಲು ನನ್ನಿಂದ ಆಗುತ್ತಿಲ್ಲ, ಅವರು ತಪ್ಪು ತಿಳಿಯಬಾರದು.

ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದರೆ ಹೊಳೆ ಹುಳಿಯಾಗುವುದಿಲ್ಲ, ಹಣ್ಣೂ ಕೈಗೆ ಉಳಿಯುವುದಿಲ್ಲ. ಅಲ್ಲಿನ ಪೆದ್ದುತನ ಅಳತೆಯದು, ಎಷ್ಟೇ ಶ್ರಮಪಟ್ಟರೂ ಆ ನೀರಿನ ಮುಂದೆ ಅದು ಲೆಕ್ಕಕ್ಕೇ ಇಲ್ಲ ಎಂಬುದು. ನ್ಯೂಕ್ಯಾಸಲ್ಲಿನ ಮಾತು ಬೇರೆ. ಅದು ಇಂಗ್ಲೆಂಡಿನ ಈಶಾನ್ಯ ಭಾಗದಲ್ಲಿ ಟೈನ್ ನದಿಯ ದಡದ ಊರು. ಸುತ್ತಲಿನ ಗಣಿಗಳ ಕಲ್ಲಿದ್ದಲು ಅಲ್ಲಿಂದ ಹಡಗೇರಿ ಲಂಡನ್ನಿಗೆ ಹೋಗುತ್ತಿತ್ತು, 17ನೆಯ ಶತಮಾನದ ಹೊತ್ತಿಗೇ ಈ ಮಾತು ಗಾದೆಯಾಗಿತ್ತು. ಹೊತ್ತುಕೊಂಡು ಹೋದ ಕಲ್ಲಿದ್ದಲು ಅಲ್ಲಿ ಕರಗಿಹೋಗುವುದಿಲ್ಲ, ಹೋದ ಹಾಗೆಯೇ ಇರುತ್ತದೆ, ಆದರೆ ಕೊಳ್ಳುವವರು ಯಾರೂ ಇಲ್ಲ. ವಸ್ತು ಒಳ್ಳೆಯದು, ತಪ್ಪಿದ್ದು ಊರು.

ನಮ್ಮಲ್ಲಿ ಇದಕ್ಕೆ ಒಂದು ಮಾತಿದೆ. ನಮ್ಮ ಮನೆಯಲ್ಲಿ ಆಲೆಮನೆ ನಡೆಯುತ್ತಿದ್ದ ಕಾಲದಲ್ಲಿ ಒಮ್ಮೆ ದೂರದ ಊರಿನ ಹೊಸ ನೆಂಟರೊಬ್ಬರು ಬಂದರು. ಹೊರಗೆ ಕೊಪ್ಪರಿಗೆ ಕುದಿಯುತ್ತಿತ್ತು, ಇಬ್ಬರು ಆಳುಗಳು ಮರದ ಅಚ್ಚುಗಳನ್ನು ತಲೆಕೆಳಗು ಮಾಡಿ ಕುಟ್ಟಿ ಕುಟ್ಟಿ ಬಿಸಿ ಆರದ ಬೆಲ್ಲವನ್ನು ಗೋಣಿತಟ್ಟಿನ ಮೇಲೆ ಉದುರಿಸುತ್ತಿದ್ದರು. ಆ ಸಾಲುಗಳನ್ನು ದಾಟಿಕೊಂಡು ಒಳಗೆ ಬಂದ ನೆಂಟರು ಬಾಳೆಹಣ್ಣು, ವೀಳ್ಯದೆಲೆಯ ಜೊತೆಗೆ ಎರಡು ಅಚ್ಚು ಬೆಲ್ಲವನ್ನೂ ನಮ್ಮ ಅವ್ವನ ಕೈಗೆ ಕೊಟ್ಟರು. ಅವ್ವ ಎರಡೂ ಕೈಯಲ್ಲಿ ಇಸಿದುಕೊಂಡು ದೇವರ ಪಟದ ಮುಂದೆ ಇಟ್ಟಳು. ಅವರು ಹೊರಟುಹೋದ ಮೇಲೆ, “ಪಾಪ, ಮಂಡ್ಯಕ್ಕೇ ಬೆಲ್ಲ ಹೊತ್ಕಂಡು ಬಂದವ್ರೆ” ಎಂದಳು. ಆ ಬೆಲ್ಲವನ್ನೇ ಹಾಕಿ ರಾತ್ರಿ ಪಾಯಸ ಮಾಡಿದಳು. 1933ರಲ್ಲಿ ಸಕ್ಕರೆ ಕಾರ್ಖಾನೆ ಬಂದ ಊರಿನ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಮಾತು ಸಿಗಲಾರದು. ಕಲ್ಲಿದ್ದಲು ಹೊತ್ತವನ ಬಗ್ಗೆ ಇಂಗ್ಲಿಷಿನವರಿಗೆ ಇರುವುದು ನಗೆ ಮಾತ್ರವೋ, ಅವ್ವನಿಗೆ ಇದ್ದಂತಹ ಮರುಕವೂ ಇದೆಯೋ ಎಂಬುದನ್ನು ಮೇಷ್ಟ್ರು ಮಕ್ಕಳನ್ನೇ ಕೇಳಲಿ.

ಉತ್ತರ 3: ಮೈಸೂರಿನ ರಸಾಯನಶಾಸ್ತ್ರ ಉಪನ್ಯಾಸಕಿ

‘ಮ್ಯಾಡ್ ಆಸ್ ಎ ಹ್ಯಾಟರ್’ ಎಂಬುದನ್ನು ಇನ್ನೂ ಯಾರೂ ಮುಟ್ಟಿಲ್ಲವಾದ್ದರಿಂದ, ಅದು ನನ್ನ ವಿಷಯಕ್ಕೆ ಸೇರಿದ್ದರಿಂದಲೂ, ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಹ್ಯಾಟರ್ ಎಂದರೆ ಟೋಪಿ ಮಾಡುವವನು. 18 ಮತ್ತು 19ನೆಯ ಶತಮಾನಗಳಲ್ಲಿ ಮೊಲದ ತುಪ್ಪಳವನ್ನು ಒತ್ತಿ ಹೆಪ್ಪುಗಟ್ಟಿಸಿ ಫೆಲ್ಟ್ ಟೋಪಿಗಳನ್ನು ಮಾಡುತ್ತಿದ್ದರು. ಕೂದಲು ಒಂದಕ್ಕೊಂದು ಹೆಣೆದುಕೊಳ್ಳಬೇಕಾದರೆ ಅದರ ಮೈ ಒರಟಾಗಬೇಕು, ಅದಕ್ಕಾಗಿ ಪಾದರಸದ ನೈಟ್ರೇಟ್ ದ್ರಾವಣವನ್ನು ಹಚ್ಚುತ್ತಿದ್ದರು. ಆ ಫೆಲ್ಟನ್ನು ಒಣಗಿಸುವಾಗ, ಬಿಸಿ ಹಬೆಯಲ್ಲಿ ಆಕಾರಕ್ಕೆ ತರುವಾಗ, ಗಾಳಿಯಾಡದ ಕೋಣೆಗಳಲ್ಲಿ ಪಾದರಸದ ಆವಿ ಏಳುತ್ತಿತ್ತು. ವರ್ಷಾನುಗಟ್ಟಲೆ ಅದನ್ನು ಉಸಿರಾಡಿದವರಿಗೆ ಮೊದಲು ಕೈ ನಡುಗುತ್ತಿತ್ತು. ಆಮೇಲೆ ಜನರ ಮುಂದೆ ಬರಲು ವಿಪರೀತ ಸಂಕೋಚ, ಕಾರಣವಿಲ್ಲದ ಸಿಟ್ಟು, ಮರೆವು ಇವೆಲ್ಲ ಒಂದರ ಹಿಂದೆ ಒಂದು ಬರುತ್ತಿದ್ದವು. ಅಮೆರಿಕದಲ್ಲಿ ಟೋಪಿ ಉದ್ಯಮಕ್ಕೆ ಹೆಸರಾಗಿದ್ದ ಡ್ಯಾನ್‌ಬರಿ ಎಂಬ ಊರಿನಲ್ಲಿ ಈ ನಡುಕಕ್ಕೆ ಊರಿನ ಹೆಸರೇ ಅಂಟಿಕೊಂಡಿತು. ಆ ದೇಶದಲ್ಲಿ ಫೆಲ್ಟ್ ತಯಾರಿಕೆಗೆ ಪಾದರಸ ಬಳಸುವುದು ನಿಂತದ್ದು 1941ರಲ್ಲಿ. 1865ರಲ್ಲಿ ಬಂದ ‘ಆಲಿಸ್ ಇನ್ ವಂಡರ್‌ಲ್ಯಾಂಡ್’ ಎಂಬ ಮಕ್ಕಳ ಕತೆಯಲ್ಲಿ ಬರುವ ಟೋಪಿಯವನಿಂದ ಈ ನುಡಿಗಟ್ಟು ಹುಟ್ಟಿತು ಎಂದು ಅನೇಕರು ತಿಳಿದಿದ್ದಾರೆ, ಅದು ಸರಿಯಲ್ಲ. 1829ರಲ್ಲೇ ಈ ಮಾತು ಅಚ್ಚಿನಲ್ಲಿ ಕಾಣಿಸಿಕೊಂಡಿದೆ. ಪಾದರಸವೇ ಇದರ ಮೂಲವೆಂಬುದನ್ನು ಎಲ್ಲ ವಿದ್ವಾಂಸರೂ ಒಪ್ಪುವುದಿಲ್ಲ, ಆದರೆ ಆ ಕಾರ್ಮಿಕರ ಕಾಯಿಲೆಯ ಬಗ್ಗೆ ಯಾವ ಅನುಮಾನವೂ ಇಲ್ಲ.

ಅನುವಾದಕಿಯವರು ಹೇಳಿದ ತಲೆ ಮತ್ತು ಕೆಲಸದ ವ್ಯತ್ಯಾಸ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ನನ್ನ ತಮ್ಮ ಹತ್ತು ವರ್ಷಗಳಿಂದ ಮಾನಸಿಕ ಕಾಯಿಲೆಗೆ ಔಷಧಿ ತೆಗೆದುಕೊಳ್ಳುತ್ತಿದ್ದಾನೆ, ಕೆಲಸಕ್ಕೂ ಹೋಗುತ್ತಾನೆ. ಯಾರಾದರೂ ಇನ್ಯಾರನ್ನೋ ಕುರಿತು ‘ಸ್ಕ್ರೂ ಲೂಸು’ ಎಂದು ನಕ್ಕಾಗ ಅವನು ಊಟದ ತಟ್ಟೆಯಿಂದ ಕಣ್ಣೆತ್ತದೆ ಕೂತಿರುವುದನ್ನು ನಾನು ನೋಡಿದ್ದೇನೆ. ಎಮ್ಮೆಗೆ ಬರೆ ಎಳೆದರಂತೆ ಎಂದಾಗ ಅವನೂ ನಮ್ಮ ಜೊತೆ ನಗುತ್ತಾನೆ. ನಮ್ಮ ಕಾನೂನಿನಲ್ಲಿಯೂ 1912ರ ಕಾಯ್ದೆಯ ಹೆಸರಿನಲ್ಲಿ ‘ಲ್ಯೂನಸಿ’ ಎಂಬ ಪದವಿತ್ತು. ಚಂದ್ರನ ಲ್ಯಾಟಿನ್ ಹೆಸರಿನಿಂದ ಬಂದ ಪದ ಅದು, ನಮ್ಮವರು ಅಮಾವಾಸ್ಯೆ ಹುಣ್ಣಿಮೆಗೆ ಹುಚ್ಚು ಕೆರಳುತ್ತದೆ ಎನ್ನುವ ಹಾಗೆ. 1987ರ ಕಾಯ್ದೆ ಆ ಪದವನ್ನು ಕೈಬಿಟ್ಟಿತು, 2017ರ ಕಾಯ್ದೆ ಆರೈಕೆ ಪಡೆಯುವುದನ್ನು ಹಕ್ಕು ಎಂದಿತು. ಮೂವತ್ತು ನಲವತ್ತು ಮಕ್ಕಳ ತರಗತಿಯಲ್ಲಿ ಇಂಥ ಮನೆಯಿಂದ ಬಂದ ಮಗು ಒಂದಾದರೂ ಇರಬಹುದು. ಮೇಷ್ಟ್ರು ಇದನ್ನು ಮನಸ್ಸಿನಲ್ಲಿಟ್ಟುಕೊಂಡು ನುಡಿಗಟ್ಟುಗಳನ್ನು ಆರಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಉತ್ತರ 4: ಕುವೆಂಪುನಗರದ ಓದುಗ

ಕೆಲಸವನ್ನು ನೋಡಿ ನಗುವ ಮಾತುಗಳು ಸಾಕಷ್ಟು ಬೇಕೆಂದರೆ ‘ವೈಸ್ ಮೆನ್ ಆಫ್ ಗೋಟಮ್’ ಎಂಬುದನ್ನು ಸೇರಿಸಿಕೊಳ್ಳಿ. ಗೋಟಮ್ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಶೈರಿನ ಒಂದು ಹಳ್ಳಿ. ಕೋಗಿಲೆ ಹಾರಿಹೋಗದಂತೆ ಅದರ ಸುತ್ತ ಬೇಲಿ ಕಟ್ಟಿದವರು ಈ ಊರಿನವರು ಎಂದು ಕತೆ. ಇನ್ನೊಂದು ಕತೆಯಲ್ಲಿ ಅಲ್ಲಿನ ಹನ್ನೆರಡು ಜನ ಮೀನು ಹಿಡಿಯಲು ಹೋಗುತ್ತಾರೆ, ಹಿಂದಿರುಗುವಾಗ ಎಲ್ಲರೂ ಇದ್ದಾರೆಯೇ ಎಂದು ಒಬ್ಬೊಬ್ಬನೂ ಎಣಿಸುತ್ತಾನೆ, ತನ್ನನ್ನು ಬಿಟ್ಟು ಎಣಿಸುವುದರಿಂದ ಪ್ರತಿ ಸಲವೂ ಹನ್ನೊಂದೇ ಬರುತ್ತದೆ. ಸತ್ತುಹೋದ ಹನ್ನೆರಡನೆಯವನಿಗಾಗಿ ಎಲ್ಲರೂ ಅಳುತ್ತಾರೆ. ಆ ದಾರಿಯಲ್ಲಿ ಬಂದ ಕುದುರೆ ಸವಾರನೊಬ್ಬ ಒಬ್ಬೊಬ್ಬರ ಭುಜಕ್ಕೂ ಚಾಟಿಯಿಂದ ಒಂದೊಂದು ಏಟು ಕೊಟ್ಟು ಎಣಿಸಿ, ಹನ್ನೆರಡು ಮಾಡಿ ತೋರಿಸುತ್ತಾನೆ.

ಇದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು, ಏಕೆಂದರೆ ಹೊಳೆ ದಾಟಿ ಬಂದು ತಮ್ಮನ್ನು ತಾವೇ ಎಣಿಸಲು ಮರೆತ ಗಾಂಪರ ಗುಂಪಿನ ಕತೆಯನ್ನು ನಮ್ಮ ಅಜ್ಜಿ ಸೊಳ್ಳೆಪರದೆಯೊಳಗೆ ಮಲಗಿಸಿಕೊಂಡು ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. ಗಾಂಪ ಎಂದರೆ ಪೆದ್ದ, ಹಳೆಯ ಕನ್ನಡ ಪದ. ಗೋಟಮ್, ಗಾಂಪ ಎಂಬ ಹೆಸರುಗಳ ಹೋಲಿಕೆ ಆಕಸ್ಮಿಕ, ಆದರೆ ಮಕ್ಕಳ ನೆನಪಿನಲ್ಲಿ ಉಳಿಯಲು ಅನುಕೂಲ. 1807ರಲ್ಲಿ ವಾಷಿಂಗ್ಟನ್ ಇರ್ವಿಂಗ್ ಎಂಬ ಲೇಖಕ ನ್ಯೂಯಾರ್ಕಿಗೆ ಇದೇ ಹೆಸರನ್ನು ಅಡ್ಡಹೆಸರಾಗಿ ಇಟ್ಟ, ಬ್ಯಾಟ್‌ಮ್ಯಾನನ ಊರಿಗೆ ಗಾಥಮ್ ಎಂಬ ಹೆಸರು ಬಂದದ್ದು ಆ ದಾರಿಯಿಂದ. ಬ್ಯಾಟ್‌ಮ್ಯಾನನ ಹೆಸರು ಹೇಳಿದರೆ ಹಿಂದಿನ ಬೆಂಚಿನವರೂ ಮುಂದಕ್ಕೆ ಬಾಗುತ್ತಾರೆ. ಗೋಟಮ್‌ನವರು ನಿಜವಾಗಿ ಪೆದ್ದರಲ್ಲ, ಜಾನ್ ದೊರೆ ತಮ್ಮ ಊರಿನ ಮೇಲೆ ಹಾದುಹೋದರೆ ಆಗುವ ಹೊರೆಯನ್ನು ತಪ್ಪಿಸಿಕೊಳ್ಳಲು ಬೇಕೆಂದೇ ಪೆದ್ದರಂತೆ ನಟಿಸಿದರು ಎಂಬ ಐತಿಹ್ಯವೂ ಇದೆ.

ಪ್ರಶ್ನೆ ಕೇಳಿದವರಿಂದ: ಮಂಡ್ಯದ ಇಂಗ್ಲಿಷ್ ಮೇಷ್ಟ್ರು

ಇಷ್ಟು ಕಾಳಜಿಯಿಂದ ಬರೆದ ನಿಮಗೆಲ್ಲರಿಗೂ ನಾನು ಋಣಿ. ಮುಂದಿನ ಪೀರಿಯಡ್‌ನಲ್ಲಿ ಏನು ನಡೆಯಿತೆಂಬುದನ್ನು ತಿಳಿಸುವುದು ನನ್ನ ಕರ್ತವ್ಯ.

ಆಣೆ ಮತ್ತು ಶಿಲಿಂಗಿನ ಲೆಕ್ಕದಿಂದ ಆರಂಭಿಸಿದೆ. ಅದೇ ಹುಡುಗಿ ಎದ್ದು, “ಹಾಗಾದರೆ ಸ್ಯಾಂಡ್‌ವಿಚ್ ಬದಲು ಏನು ಬೇಕಾದರೂ ಇಡಬಹುದಾ ಸರ್?” ಎಂದಳು. ಇಡಬಹುದು, ಆದರೆ ತರಗತಿಯಲ್ಲಿರುವ ಯಾರನ್ನೂ ತೋರಿಸಿ ಹೇಳಬಾರದು ಎಂದೆ. ತಲೆಯನ್ನು ಹೀಯಾಳಿಸುವ ನುಡಿಗಟ್ಟುಗಳನ್ನು ಓದಿದಾಗ ಅರ್ಥವಾಗುವಷ್ಟು ಮಾತ್ರ ಹೇಳಿಕೊಟ್ಟು, ಕೆಲಸವನ್ನು ಕುರಿತವುಗಳನ್ನು ಬಳಸಲು ಕಲಿಸುವುದೆಂದು ತೀರ್ಮಾನಿಸಿದ್ದೇನೆ. ಟೋಪಿ ಕಾರ್ಮಿಕರ ವಿಷಯ ಹೇಳಿದಾಗ ತರಗತಿ ಸದ್ದಿಲ್ಲದೆ ಕೇಳಿತು. ಮಂಡ್ಯಕ್ಕೆ ಬೆಲ್ಲ ಹೊತ್ತದ್ದನ್ನು ಹೇಳಿದಾಗ ಒಬ್ಬ ಹುಡುಗ ತಾನಾಗಿಯೇ ‘ಕನ್ನಂಬಾಡಿಗೆ ಕೊಡದಲ್ಲಿ ನೀರು ಹೊತ್ತ ಹಾಗೆ’ ಎಂಬುದನ್ನು ಜೊತೆಗೂಡಿಸಿದ. ಅದು ಬೆಲ್ಲದ ಗುಂಪಿಗೆ ಸೇರಬೇಕೋ ಹುಣಸೆಹಣ್ಣಿನ ಗುಂಪಿಗೆ ಸೇರಬೇಕೋ ಎಂದು ಬೆಲ್ ಹೊಡೆಯುವವರೆಗೂ ಚರ್ಚೆ ನಡೆಯಿತು.

ಮುಂದಿನ ವಾರಕ್ಕೆ ‘ವೈಲ್ಡ್ ಗೂಸ್ ಚೇಸ್’ ಎಂಬುದನ್ನು ಇಟ್ಟುಕೊಂಡಿದ್ದೇನೆ. ಅದಕ್ಕೆ ‘ಬಿಸಿಲ್ಗುದುರೆಯನ್ನು ಬೆನ್ನಟ್ಟಿದ ಹಾಗೆ’ ಎನ್ನಬಹುದೇ?

ಉತ್ತರ 5: ಸರಸ್ವತಿಪುರಂನ ಅನುವಾದಕಿ, ಮೈಸೂರು

ಮೊದಲು ಮದ್ದೂರಿನವರ ತಿದ್ದುಪಡಿಯನ್ನು ಒಪ್ಪುತ್ತೇನೆ. ನನ್ನ ಟಿಪ್ಪಣಿ ಪುಸ್ತಕದಲ್ಲಿ ಹುಣಸೆಹಣ್ಣನ್ನು ಹೊಡೆದುಹಾಕಿ ಬೆಲ್ಲವನ್ನು ಬರೆದುಕೊಂಡಿದ್ದೇನೆ.

ಬಿಸಿಲ್ಗುದುರೆ ಸೊಗಸಾದ ಆಯ್ಕೆ, ಅದಕ್ಕೆ ನಿಮಗೇ ತಿಳಿಯದ ಇನ್ನೊಂದು ಕಾರಣವೂ ಇದೆ. ಇಂಗ್ಲಿಷಿನ ಆ ಮಾತಿನಲ್ಲಿ ಹೆಸರಿಗೆ ಕಾಡುಬಾತು ಇದ್ದರೂ, 16ನೆಯ ಶತಮಾನದಲ್ಲಿ ಅದು ಒಂದು ಬಗೆಯ ಕುದುರೆ ಪಂದ್ಯದ ಹೆಸರಾಗಿತ್ತು. ಮುಂದಿನ ಸವಾರ ಎತ್ತ ತಿರುಗಿದರೂ ಉಳಿದವರು ಬಾತುಗಳ ಸಾಲಿನಂತೆ ಅಂತರ ಕಾದುಕೊಂಡು ಅತ್ತಲೇ ಓಡಿಸಬೇಕಿತ್ತು. ಎರಡು ಭಾಷೆಗಳಲ್ಲಿಯೂ ಕುದುರೆಯೇ ಇದೆ, ಅವರದು ಓಡಿಸುವ ಕುದುರೆ, ನಮ್ಮದು ದೂರದಲ್ಲಿ ಮಿನುಗಿ ಮಾಯವಾಗುವ ಕುದುರೆ. ಒಂದು ಎಚ್ಚರಿಕೆ ಇರಲಿ: ಬಿಸಿಲ್ಗುದುರೆಯನ್ನು ಬೆನ್ನಟ್ಟುವವನು ತನ್ನ ಆಸೆಯಿಂದಲೇ ಹೋಗುತ್ತಾನೆ, ಇಂಗ್ಲಿಷಿನಲ್ಲಿ ಮಾತ್ರ ಒಬ್ಬನನ್ನು ಇನ್ನೊಬ್ಬ ಹೀಗೆ ಅಟ್ಟುವುದೂ ಉಂಟು. ಸುಳ್ಳು ವಿಳಾಸ ಕೊಟ್ಟು ಊರೆಲ್ಲ ಸುತ್ತಿಸಿದ ಸಂದರ್ಭವಾದರೆ ಬಿಸಿಲ್ಗುದುರೆಯನ್ನು ಬಿಟ್ಟು, ‘ಸುಮ್ಮನೆ ಅಲೆದಾಡಿಸಿದ’ ಎಂದು ನೇರವಾಗಿ ಬರೆಯಿಸಿ.